ಬರುವ ನೀರು, ಹೋಗುವ ನೀರು

ಹಿಂದಿನ ಕಾಲದಲ್ಲಿ ಹಳ್ಳಿಯ ಹಿರಿಯರು ಮನೆ ಕಟ್ಟಲು ಜಾಗ ನೋಡುವಾಗ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಿದ್ದರು. ಬಾವಿ ಎಲ್ಲಿ ಬರುತ್ತದೆ ಎಂಬುದು ಮೊದಲನೆಯದು. ಬಚ್ಚಲ ನೀರು ಯಾವ ಕಡೆಗೆ ಹೋಗುತ್ತದೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕಿ ಎರಡನೆಯದಕ್ಕೆ ಸಿಕ್ಕದೆ ಹೋದರೆ ಆ ಜಾಗ ಎಷ್ಟೇ ಚೆಲುವಾಗಿದ್ದರೂ ಬೇಡವೆನ್ನುತ್ತಿದ್ದರು. ಕೆರೆ ಕಟ್ಟುವವರಿಗೂ ಇದೇ ನ್ಯಾಯ. ತೂಬಿಲ್ಲದ ಕೆರೆಯಿಂದ ಪ್ರಯೋಜನವಿಲ್ಲ. ಕೋಡಿಯಿಲ್ಲದ ಕೆರೆ ಉಳಿಯುವುದಿಲ್ಲ. ನೀರಿನ ವಿದ್ಯೆಯೆಂದರೆ ನೀರನ್ನು ತರುವ ವಿದ್ಯೆ ಮಾತ್ರವಲ್ಲ, ಬಂದ ನೀರನ್ನು ಮರ್ಯಾದೆಯಾಗಿ ಕಳುಹಿಸಿಕೊಡುವ ವಿದ್ಯೆಯೂ ಹೌದು.

ಈ ಹಳೆಯ ಮಾತು ನೆನಪಾಗಲು ಒಂದು ಕಾರಣವಿದೆ. ನಮ್ಮ ದೇಶ ಈಗ ತನ್ನ ನೀರಿನ ವಿದ್ಯೆಯನ್ನು ಹೊರದೇಶಗಳಿಗೂ ಹಂಚುತ್ತಿದೆ. 1969ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ವ್ಯಾಪ್‌ಕೋಸ್ ಎಂಬ ಸಂಸ್ಥೆಯ ಇಂಜಿನಿಯರುಗಳು ಏಷ್ಯ, ಆಫ್ರಿಕ ಖಂಡಗಳ ಹಲವು ನಾಡುಗಳಲ್ಲಿ ದುಡಿದಿದ್ದಾರೆ. 2016ರ ಜೂನ್ ತಿಂಗಳಲ್ಲಿ ಅಫ್ಘಾನಿಸ್ಥಾನದ ಹೆರಾತ್ ಪ್ರಾಂತದಲ್ಲಿ, ಹರಿ ರೂದ್ ನದಿಗೆ ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟು ಉದ್ಘಾಟನೆಯಾದಾಗ ಅದಕ್ಕೆ ಮೈತ್ರಿಯ ಅಣೆಕಟ್ಟೆಂದೇ ಹೆಸರಿಟ್ಟರು. ಇಂಥ ಸುದ್ದಿಯನ್ನು ಓದಿದಾಗ ನಮಗೆ ಅಭಿಮಾನವಾಗುವುದು ಸಹಜ. ಆದರೆ ಇದು ಇಂದು ನಿನ್ನೆ ಆರಂಭವಾದ ಕೆಲಸವಲ್ಲ. ನಮ್ಮ ನೆಲದಲ್ಲಿ ಕಲಿತ ನೀರಿನ ವಿದ್ಯೆ ನೂರ ನಲವತ್ತು ವರ್ಷಗಳ ಹಿಂದೆಯೇ ಸಮುದ್ರ ದಾಟಿ ನೈಲ್ ನದಿಯ ದಡಕ್ಕೆ ಹೋಗಿತ್ತು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅರಬಸ್ಥಾನದ ತುದಿಯ ಏಡನ್ನಿಗೂ ಹೋಯಿತು. ಮೊದಲನೆಯ ಸಲ ಅದನ್ನು ಹೊತ್ತವರು ಇಂಗ್ಲಿಷ್ ಸಾಹೇಬರು; ಎರಡನೆಯ ಸಲ ಹೊತ್ತವರು ನಮ್ಮ ಮುದ್ದೇನಹಳ್ಳಿಯವರು. ಈ ಎರಡು ಪ್ರಯಾಣಗಳನ್ನು ಜೊತೆಗಿಟ್ಟು ನೋಡಿದರೆ, ಪರದೇಶಕ್ಕೆ ವಿದ್ಯೆ ಕೊಡಲು ಹೊರಟವರು ತಿಳಿದಿರಬೇಕಾದ ಒಂದು ಸಂಗತಿ ಕಾಣುತ್ತದೆ.

ಕಾವೇರಿಯ ಮರಳು

ಮರಳಿನ ಮೇಲೆ ಕಟ್ಟಡ ನಿಲ್ಲದೆಂಬುದು ಲೋಕದ ನಂಬಿಕೆ. ಆದರೆ ನಮ್ಮ ಕಾವೇರಿ ತಮಿಳುನಾಡನ್ನು ಸೇರಿ, ತಂಜಾವೂರಿನ ಬಯಲಿಗೆ ಇಳಿಯುವ ಕಡೆ ಮರಳಿನ ಮೇಲೆಯೇ ಒಂದು ಕಟ್ಟೆ ಶತಮಾನಗಳಿಂದ ನಿಂತಿದೆ. ಕಲ್ಲಣೈ ಎಂದು ಅದರ ಹೆಸರು. ಚೋಳರ ಕರಿಕಾಲನು ಕಟ್ಟಿಸಿದನೆಂದು ಪ್ರತೀತಿ. ಹೊಳೆಯ ಪಾತ್ರದಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ಹಾಕುವುದು, ಅವು ಮರಳಿನಲ್ಲಿ ಇಳಿದು ಕುಳಿತ ಮೇಲೆ ಅವುಗಳ ಮೇಲೆ ಮತ್ತೆ ಕಲ್ಲು ಹಾಕುವುದು, ಇನ್ನು ಇಳಿಯದು ಎಂದಾಗ ಅದನ್ನೇ ಅಡಿಪಾಯ ಮಾಡಿಕೊಳ್ಳುವುದು, ಇದೇ ಅಲ್ಲಿನ ಉಪಾಯ. ಬಂಡೆ ಸಿಗುವವರೆಗೆ ಅಗೆಯಬೇಕೆಂಬ ಹಟ ಅದರಲ್ಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮದರಾಸಿನ ಸೈನ್ಯದ ಇಂಜಿನಿಯರಾಗಿದ್ದ ಆರ್ಥರ್ ಕಾಟನ್ ಈ ಕಟ್ಟೆಯನ್ನು ಕಂಡು ಬೆರಗಾದರು. ಕೊಳ್ಳಿಡಂ ನದಿಗೆ 1836ರಲ್ಲಿ ಅವರು ಕಟ್ಟಿದ ಅಣೆಯೂ, 1847ರಿಂದ 1852ರವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ಕಟ್ಟಿದ ದೊಡ್ಡ ಅಣೆಯೂ ಮರಳಿನ ಮೇಲೆಯೇ ನಿಂತವು. ಆಳ ಎಷ್ಟೆಂದು ಅಳೆಯಲಾಗದ ಸಡಿಲ ಮರಳಿನಲ್ಲಿ ಅಡಿಪಾಯ ನಿಲ್ಲಿಸುವ ಬಗೆಯನ್ನು ತಾವು ಈ ದೇಶದ ಜನರಿಂದಲೇ ಕಲಿತದ್ದೆಂದು ಕಾಟನ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಆಳುವ ಜಾತಿಯವರ ಬಾಯಿಂದ ಆ ಕಾಲದಲ್ಲಿ ಇಂಥ ಮಾತು ಬಂದದ್ದು ಅಪರೂಪ.

ಮದರಾಸಿನ ಈ ಪಾಠ ಉತ್ತರಕ್ಕೂ ಹೋಯಿತು. 1854ರಲ್ಲಿ ಗಂಗಾ ಕಾಲುವೆ ತೆರೆಯಿತು. ಆ ಕಾಲುವೆಯ ಕೆಲಸಕ್ಕೆ ಜನರನ್ನು ತಯಾರು ಮಾಡಲೆಂದು 1847ರಲ್ಲಿ ಹುಟ್ಟಿದ ರೂರ್ಕಿಯ ಕಾಲೇಜು ಇಂಜಿನಿಯರುಗಳ ತವರಾಯಿತು. ದೆಹಲಿಯ ಬಳಿ ಯಮುನೆಗೆ ಓಖ್ಲಾದಲ್ಲಿ 1874ರ ವೇಳೆಗೆ ನುಣ್ಣನೆಯ ಮರಳಿನ ಮೇಲೆ ಅಣೆ ಎದ್ದಿತು. ಇದರ ತತ್ವ ಸರಳವಾದದ್ದು. ಕಟ್ಟೆಯ ಹಿಂದೆ ನಿಂತ ನೀರು ಮರಳಿನೊಳಗೆ ನುಸುಳಿ ಮುಂದಿನಿಂದ ಏಳಲು ನೋಡುತ್ತದೆ. ಏಳುವ ರಭಸಕ್ಕೆ ಮರಳು ಕೊಚ್ಚಿಹೋದರೆ ಕಟ್ಟೆ ಕುಸಿಯುತ್ತದೆ. ಆದ್ದರಿಂದ ಕಟ್ಟೆಯ ಹಿಂದೆ ಮುಂದೆ ಭಾರವಾದ ಕಲ್ಲುಹಾಸನ್ನು ಅಗಲವಾಗಿ ಹರಡಬೇಕು. ನೀರು ನುಸುಳುವ ದಾರಿ ಉದ್ದವಾದಷ್ಟೂ ಅದರ ಬಲ ಕುಗ್ಗುತ್ತದೆ; ಕುಗ್ಗಿದ ನೀರು ಮರಳನ್ನು ಎಬ್ಬಿಸಲಾರದು.

ನೈಲ್ ನದಿಯ ಒಡಕು ಕಟ್ಟೆ

ಇತ್ತ ಈಜಿಪ್ಟಿನಲ್ಲಿ, ಕೈರೋ ನಗರದ ಉತ್ತರಕ್ಕೆ ನೈಲ್ ನದಿ ಎರಡು ಕವಲಾಗುವ ಕಡೆ, ಒಂದು ದೊಡ್ಡ ಕಟ್ಟೆ ನಿಷ್ಪ್ರಯೋಜಕವಾಗಿ ಬಿದ್ದಿತ್ತು. ದೊರೆ ಮಹಮದ್ ಅಲಿಗೆ ಹತ್ತಿಯ ಬೆಳೆಯ ಹುಚ್ಚು. ಹತ್ತಿಗೆ ಬೇಸಿಗೆಯಲ್ಲಿ ನೀರು ಬೇಕು. ನೈಲ್ ನದಿಯಲ್ಲಿ ಪ್ರವಾಹ ಬರುವುದು ಬೇಸಿಗೆ ಕಳೆಯುತ್ತ ಬಂದಮೇಲೆ. ನದಿಯ ಮಟ್ಟವನ್ನು ಏರಿಸಿ ಕಾಲುವೆಗೆ ತಿರುಗಿಸಬೇಕೆಂದು ಆತ ನಿಶ್ಚಯಿಸಿದ. ಕಲ್ಲಿಗಾಗಿ ಪಿರಮಿಡ್ಡುಗಳನ್ನೇ ಕೆಡವಲು ಅಪ್ಪಣೆ ಮಾಡಿದ್ದನಂತೆ. ಲಿನಾಂ ಎಂಬ ಫ್ರೆಂಚ್ ಇಂಜಿನಿಯರು ಗಣಿಯಿಂದ ಕಲ್ಲು ತರುವುದೇ ಅಗ್ಗವೆಂದು ಲೆಕ್ಕ ತೋರಿಸಿ ಪಿರಮಿಡ್ಡುಗಳನ್ನು ಉಳಿಸಿದರು. ಮುಂದೆ ಮೂಜೆಲ್ ಎಂಬ ಇನ್ನೊಬ್ಬ ಫ್ರೆಂಚರು ಕಟ್ಟೆಯನ್ನು ಕಟ್ಟಿದರು. ದೊರೆಗಳ ಆತುರದಲ್ಲಿ ಅಡಿಪಾಯದ ಕೆಲಸ ಕೆಟ್ಟಿತು. 1860ರ ದಶಕದಲ್ಲಿ ಬಾಗಿಲು ಹಾಕಿ ನೀರು ನಿಲ್ಲಿಸಿದೊಡನೆ ಕಟ್ಟೆ ಬಿರುಕು ಬಿಟ್ಟಿತು. ಆ ಬಳಿಕ ಇಪ್ಪತ್ತು ವರ್ಷ ಅದು ನದಿ ದಾಟುವ ಸೇತುವೆಯಾಗಿ ಮಾತ್ರ ಉಪಯೋಗಕ್ಕೆ ಬಂತು.

1882ರಲ್ಲಿ ಬ್ರಿಟಿಷರು ಈಜಿಪ್ಟನ್ನು ಹಿಡಿದರು. ಮರುವರ್ಷ ಅಲ್ಲಿನ ನೀರಾವರಿಯನ್ನು ನೋಡಿಕೊಳ್ಳಲು ಕಾಲಿನ್ ಸ್ಕಾಟ್ ಮಾಂಕ್ರೀಫ್ ಬಂದರು. ಅವರು ಗಂಗಾ ಬಯಲಿನ ಕಾಲುವೆಗಳಲ್ಲಿ ಪಳಗಿದವರು. ಸಹಾಯಕ್ಕೆ ಅವರು ಕರೆಸಿಕೊಂಡದ್ದು ಇಂಗ್ಲೆಂಡಿನವರನ್ನಲ್ಲ, ಭಾರತದ ನೀರಾವರಿ ಇಲಾಖೆಯವರನ್ನು. ಅವರಲ್ಲಿ ವಿಲಿಯಂ ವಿಲ್‌ಕಾಕ್ಸ್ ಎಂಬ ತರುಣ ಮುಖ್ಯ; 1852ರಲ್ಲಿ ಭಾರತದಲ್ಲೇ ಹುಟ್ಟಿ, ರೂರ್ಕಿಯಲ್ಲೇ ಓದಿದವರು. ಒಡೆದ ಕಟ್ಟೆಯನ್ನು ಕೈಬಿಟ್ಟು ಪಂಪುಗಳಿಂದ ನೀರೆತ್ತುವುದೇ ಲೇಸೆಂದು ತಿಳಿದವರು ಹೇಳುತ್ತಿದ್ದ ಕಾಲ ಅದು. ವಿಲ್‌ಕಾಕ್ಸ್ 1884ರಲ್ಲಿ ಕಲ್ಲುರಾಶಿ ಮರಮುಟ್ಟುಗಳ ಆಸರೆ ಕೊಟ್ಟು, ಆ ಹಳೆಯ ಕಟ್ಟೆಯಲ್ಲೇ ಸ್ವಲ್ಪ ನೀರು ನಿಲ್ಲಿಸಿ ತೋರಿಸಿದರು. ಆ ವರ್ಷದ ಹತ್ತಿ ಬೆಳೆ ಎಲ್ಲರ ಕಣ್ಣು ತೆರೆಸಿತು. ಅನಂತರ 1890ರ ವೇಳೆಗೆ ನದಿಯ ಒಂದೊಂದು ಭಾಗಕ್ಕೆ ಮಣ್ಣಿನ ಏರಿ ಹಾಕಿ, ನೀರು ಬತ್ತಿಸಿ, ಹಳೆಯ ತಳದ ಮೇಲೆ ಹೊಸ ಹಾಸನ್ನು ಹಿಂದೆ ಮುಂದೆ ಅಗಲವಾಗಿ ಹರಡಿ ಕಟ್ಟೆಯನ್ನು ಭದ್ರಪಡಿಸಿದರು. ಕಾವೇರಿ ಗೋದಾವರಿಗಳ ಮರಳಿನಲ್ಲಿ ಕಲಿತ ಪಾಠ ನೈಲ್ ನದಿಯ ಮರಳಿನಲ್ಲಿ ಫಲಿಸಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಕಟ್ಟೆ ಕಟ್ಟಿದ ಮೂಜೆಲ್ ಆಗ ಮುದುಕರಾಗಿ, ಬಡತನದಲ್ಲಿ, ಯಾರಿಗೂ ಬೇಡವಾಗಿ ಈಜಿಪ್ಟಿನಲ್ಲೇ ಬದುಕಿದ್ದರು. ಸ್ಕಾಟ್ ಮಾಂಕ್ರೀಫ್ ಅವರನ್ನು ಹುಡುಕಿ, ಸರ್ಕಾರದಿಂದ ಪಿಂಚಣಿ ಕೊಡಿಸಿದರು. ದೋಷ ಕಂಡುಹಿಡಿದವನು ದೋಷಕ್ಕೆ ಗುರಿಯಾದವನ ಹೊಟ್ಟೆಪಾಡನ್ನೂ ನೋಡಿದ್ದು ದೊಡ್ಡ ಗುಣ. ಕಾಲುವೆಯ ಹೂಳೆತ್ತಲು ರೈತರನ್ನು ಹಿಡಿದು ತರುತ್ತಿದ್ದ ಬಿಟ್ಟಿ ದುಡಿಮೆಯೂ ಇದೇ ಕಾಲದಲ್ಲಿ, 1890ರ ಸುಮಾರಿಗೆ, ಬಹುಮಟ್ಟಿಗೆ ಕೊನೆಗೊಂಡಿತು.

ರೂರ್ಕಿಯಿಂದ ಹೋದವರ ಹೆಸರು ಹೀಗೆ ಈಜಿಪ್ಟಿನ ಚರಿತ್ರೆಯಲ್ಲಿ ನಿಂತಿತು. ಕಲ್ಲಣೈಯ ಕಲ್ಲು ಹೊತ್ತವರ ಹೆಸರು ಎಲ್ಲಿಯೂ ಇಲ್ಲ. ಅದಕ್ಕಾಗಿ ಈಗ ಕೊರಗಿ ಫಲವಿಲ್ಲ. ಈಜಿಪ್ಟಿನಲ್ಲಿ ನಡೆದ ಇನ್ನೊಂದು ಮರೆವಿನ ಫಲ ಮಾತ್ರ ಅಷ್ಟು ಹಗುರವಾಗಿರಲಿಲ್ಲ.

ಬಸಿಯದೆ ಉಳಿದ ನೀರು

ಈಜಿಪ್ಟಿನ ಹಳೆಯ ಬೇಸಾಯದ ಕ್ರಮ ಹೀಗಿತ್ತು: ಹೊಲಗಳ ಸುತ್ತ ಏರಿ ಹಾಕಿ ಅಗಲವಾದ ಮಡಿಗಳನ್ನು ಮಾಡುವರು. ಪ್ರವಾಹ ಬಂದಾಗ ಕೆನ್ನೀರನ್ನು ಅದರೊಳಗೆ ಬಿಟ್ಟು ಸುಮಾರು ನಲವತ್ತು ಐವತ್ತು ದಿನ ನಿಲ್ಲಿಸುವರು. ಗೋಡು ತಳಕ್ಕೆ ಇಳಿದ ಮೇಲೆ ನೀರನ್ನು ಮತ್ತೆ ನದಿಗೆ ಬಿಟ್ಟು ಗೋಧಿ ಬಿತ್ತುವರು. ಬಂದ ನೀರು ಗೊಬ್ಬರ ಕೊಟ್ಟು, ನೆಲದ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಸಾವಿರಾರು ವರ್ಷ ಆ ನೆಲ ಕೆಡದೆ ಉಳಿದುದರ ಗುಟ್ಟು ಇದೇ.

ವರ್ಷವಿಡೀ ನೀರು ಹರಿಸುವ ಹೊಸ ಕ್ರಮ ಬಂದಮೇಲೆ ಬೆಳೆ ಎರಡಾಯಿತು, ಹಣ ಹರಿದುಬಂತು. 1898ರಲ್ಲಿ ಆರಂಭವಾದ ಆಸ್ವಾನ್ ಅಣೆಕಟ್ಟು 1902ರಲ್ಲಿ ಮುಗಿಯಿತು. ಅದರ ಯೋಜನೆಗೆ ಅಡಿಪಾಯ ಹಾಕಿದವರಲ್ಲಿ ವಿಲ್‌ಕಾಕ್ಸ್ ಪ್ರಮುಖರು. ಅದಕ್ಕೆ 180 ತೂಬುಗಳು. ಮೊದಲ ಪ್ರವಾಹದ ಕೆಸರು ನೀರನ್ನು ತಡೆಯದೆ ಬಿಟ್ಟು, ಕೊನೆಯ ತಿಳಿನೀರನ್ನು ಮಾತ್ರ ನಿಲ್ಲಿಸಿಕೊಳ್ಳುವ ಜಾಣತನ ಅದರಲ್ಲಿತ್ತು. ಆದರೆ ಹೊಲಕ್ಕೆ ಬಂದ ನೀರು ಹೋಗಬೇಕಾದ ದಾರಿಯ ವಿಚಾರ ಹಿಂದೆ ಬಿತ್ತು. ಕಾಲುವೆಗಳು ಬೆಳೆದಷ್ಟು ವೇಗವಾಗಿ ಬಸಿಗಾಲುವೆಗಳು ಬೆಳೆಯಲಿಲ್ಲ. ಅಂತರ್ಜಲ ಮೇಲೇರಿತು, ಹತ್ತಿಯ ಬೇರು ಕೊಳೆಯಿತು, ಉಪ್ಪು ಮೇಲೆದ್ದಿತು. 1909ರಲ್ಲಿ ಹತ್ತಿಯ ಬೆಳೆ ಕುಸಿದಾಗ ಸರ್ಕಾರ ಗಾಬರಿಯಾಗಿ ವಿಚಾರಣೆ ನಡೆಸಬೇಕಾಯಿತು. ಎಂದೂ ಬತ್ತದ ಕಾಲುವೆಗಳಲ್ಲಿ ಬಸವನಹುಳುಗಳು ಹೆಚ್ಚಿದವು. ರೈತರ ಮೂತ್ರದಲ್ಲಿ ರಕ್ತ ಬರುವ ಬಿಲ್‌ಹಾರ್ಜಿಯ ರೋಗ ಈ ಹುಳುಗಳ ಮೂಲಕವೇ ಹರಡುವುದೆಂದು 1915ರಲ್ಲಿ ಅಲ್ಲಿಯೇ ಗೊತ್ತಾಯಿತು.

ಭಾರತದಿಂದ ಹೋದವರಿಗೆ ಇದು ತಿಳಿಯದ ವಿಷಯವೇ? ಖಂಡಿತ ಅಲ್ಲ. ಪಶ್ಚಿಮ ಯಮುನಾ ಕಾಲುವೆಯ ಬದಿಯ ಕರ್ನಾಲ್ ದಂಡನ್ನು ಜ್ವರದ ಕಾಟಕ್ಕೆ 1840ರ ದಶಕದ ಆರಂಭದಲ್ಲೇ ಬಿಟ್ಟು ಹೋಗಬೇಕಾಗಿತ್ತು. ಬೇಕರ್, ಡೆಂಪ್‌ಸ್ಟರ್, ಯೂಲ್ ಎಂಬ ಮೂವರ ಸಮಿತಿ ಊರೂರು ತಿರುಗಿತು. ವೈದ್ಯರಾದ ಡೆಂಪ್‌ಸ್ಟರ್ ಜನರ ಹೊಟ್ಟೆಯನ್ನು ಮುಟ್ಟಿ, ಗುಲ್ಮ ಊದಿದವರೆಷ್ಟೆಂದು ಎಣಿಸಿದರು. ನೀರು ಸಹಜವಾಗಿ ಹರಿದುಹೋಗುವ ದಾರಿಯನ್ನು ಕಾಲುವೆಯ ಏರಿ ಎಲ್ಲೆಲ್ಲಿ ಅಡ್ಡಗಟ್ಟಿತ್ತೋ ಅಲ್ಲೆಲ್ಲ ಜ್ವರ ಹೆಚ್ಚು. ಅಲ್ಲೆಲ್ಲ ನೆಲದ ಮೇಲೆ ಬಿಳಿಯ ಉಪ್ಪು. 1847ರಲ್ಲೇ ಈ ವರದಿ ಸರ್ಕಾರದ ಕೈ ಸೇರಿತ್ತು. ವಿಲ್‌ಕಾಕ್ಸ್ ಮೊದಲಾದವರು ಈಜಿಪ್ಟಿನಲ್ಲಿ ಬಸಿಗಾಲುವೆ ಬೇಕೆಂದು ಹೇಳದೆ ಇರಲಿಲ್ಲ. ಕೆಲವನ್ನು ತೋಡಿಸಿದರು ಕೂಡ. ಆದರೆ ಕಾಲುವೆ ತೋಡಿದರೆ ಕಂದಾಯ ಬರುತ್ತದೆ, ಬಸಿಗಾಲುವೆ ತೋಡಿದರೆ ಖರ್ಚು ಮಾತ್ರ ಕಾಣುತ್ತದೆ. ಬೊಕ್ಕಸದ ಕೀಲಿಕೈ ಹಿಡಿದವರಿಗೆ ಮೊದಲನೆಯದರ ಮೇಲೆ ಇದ್ದ ಪ್ರೀತಿ ಎರಡನೆಯದರ ಮೇಲೆ ಇರಲಿಲ್ಲ.

ಕನ್ನಡದಲ್ಲಿ 'ಬಸಿ' ಎಂಬ ಮಾತು ಅಡಿಗೆಯ ಮನೆಯಿಂದ ಹೊಲದವರೆಗೂ ಒಂದೇ. ಅನ್ನವನ್ನು ಬಸಿಯದೆ ಇಟ್ಟರೆ ಮುದ್ದೆಯಾಗುವುದು ಹೆಂಗಸರಿಗೆ ಗೊತ್ತು. ಗದ್ದೆಯನ್ನು ಬಸಿಯದೆ ಬಿಟ್ಟರೆ ಚೌಳಾಗುವುದು ಒಕ್ಕಲಿಗನಿಗೆ ಗೊತ್ತು. ಇದನ್ನು ಮರೆತ ಫಲವನ್ನು ನಾವೇ ಉಣ್ಣುತ್ತಿದ್ದೇವೆ. 1953ರಲ್ಲಿ ನೀರು ಹರಿಸಿದ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, ಗಂಗಾವತಿ ಸಿಂಧನೂರುಗಳ ಕಡೆ, ಜೌಗು ಚೌಳುಗಳಿಗೆ ತುತ್ತಾದ ನೆಲವನ್ನು ನೋಡಿದವರಿಗೆ ಈಜಿಪ್ಟಿನ ಕಥೆ ದೂರದ್ದೆನಿಸದು.

ವಿಲ್‌ಕಾಕ್ಸ್ ಅವರ ಬಾಳಿನ ಕೊನೆಯ ಭಾಗ ವಿಚಾರಯೋಗ್ಯವಾದದ್ದು. ಎಪ್ಪತ್ತು ದಾಟಿದ ಮೇಲೆ ಅವರು ಬಂಗಾಳಕ್ಕೆ ಬಂದು ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ ಮಾಡಿದರು. ಅವು 1930ರಲ್ಲಿ ಪುಸ್ತಕವಾದವು. ನದಿಯ ಕೆನ್ನೀರನ್ನು ಹೊಲಕ್ಕೆ ಬಿಟ್ಟುಕೊಂಡು ಮತ್ತೆ ಹೋಗಗೊಡುತ್ತಿದ್ದ ಬಂಗಾಳದ ಹಳೆಯ ಕ್ರಮವೇ ಮೇಲೆಂದೂ, ನದಿಗಳಿಗೆ ಏರಿ ಕಟ್ಟಿ ಬಿಗಿದದ್ದರಿಂದಲೇ ಅಲ್ಲಿ ನೆಲ ಬಡವಾಗಿ ಮಲೇರಿಯ ಹೆಚ್ಚಿತೆಂದೂ ಅವರು ವಾದಿಸಿದರು. ಇಲಾಖೆಯವರು ಅವರ ಮಾತನ್ನು ಒಪ್ಪಲಿಲ್ಲ. ಜೀವಮಾನವೆಲ್ಲ ನೀರನ್ನು ತಡೆದು ನಿಲ್ಲಿಸಿದವರು ಕೊನೆಗೆ ನೀರನ್ನು ಹೋಗಗೊಡಿರೆಂದು ಹೇಳಲು, ತಾವು ಹುಟ್ಟಿದ ನಾಡಿಗೇ ಬಂದರು.

ಏಡನ್ನಿಗೆ ಹೋದ ಮುದ್ದೇನಹಳ್ಳಿಯವರು

ಈಜಿಪ್ಟಿನ ಕೆಲಸ ಮುಗಿಸಿದ ಸ್ಕಾಟ್ ಮಾಂಕ್ರೀಫ್ ಅವರನ್ನು 1901ರಲ್ಲಿ ಭಾರತದ ನೀರಾವರಿ ಆಯೋಗಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ಅವರ ಮುಂದೆ ಸಾಕ್ಷ್ಯ ಹೇಳಿದವರಲ್ಲಿ ಮುಂಬಯಿ ಸರ್ಕಾರದ ಇಂಜಿನಿಯರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೂ ಒಬ್ಬರು. ಪುಣೆಯ ಕಡೆಯ ನೀರಾ ಕಾಲುವೆಯಲ್ಲಿ ಕಬ್ಬಿಗೆ ಮಿತಿಯಿಲ್ಲದೆ ನೀರು ಬಿಟ್ಟು ನೆಲ ಜೌಗಾಗುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ನೆಲವನ್ನು ಪಾಲು ಪಾಲಾಗಿ ಗುರುತಿಸಿ, ಕಬ್ಬು ಮತ್ತಿತರ ಬೆಳೆಗಳನ್ನು ಸರದಿಯ ಮೇಲೆ ಬೆಳೆಸಿ, ನೀರನ್ನು ಅಳತೆಯಲ್ಲಿ ಕೊಡುವ 'ಬ್ಲಾಕ್ ಪದ್ಧತಿ' ಅವರ ಬುದ್ಧಿಯಿಂದ ಹುಟ್ಟಿದ್ದು. ನೀರು ಹೆಚ್ಚಾದರೂ ಕೇಡೆಂಬುದು ಅವರಿಗೆ ಗೊತ್ತಿತ್ತು. ಇದೇ 1901ರಲ್ಲಿ ಅವರು ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರಾದರು. ಊರುಗಳಿಗೆ ಕುಡಿಯುವ ನೀರನ್ನು ತರುವ ಕೆಲಸವೂ, ಕೊಳಚೆಯನ್ನು ಸಾಗಿಸುವ ಕೆಲಸವೂ ಒಬ್ಬರ ಮೇಜಿನ ಮೇಲೆಯೇ ಬಂದವು.

1906ರಲ್ಲಿ ಅವರಿಗೆ ಏಡನ್ನಿಗೆ ಹೋಗಬೇಕೆಂದು ಆಜ್ಞೆಯಾಯಿತು. 1839ರಲ್ಲಿ ಬ್ರಿಟಿಷರು ಹಿಡಿದ ಆ ಬಂದರು ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಸರ್ಕಾರದ ಕಾಗದದಲ್ಲಿ ಅದು ಮುಂಬಯಿಯ ಭಾಗ; ಭೂಪಟದಲ್ಲಿ ಅರಬಸ್ಥಾನ. ನಮ್ಮ ರೂಪಾಯಿಯೇ ಅಲ್ಲಿ ಚಲಾವಣೆ. ಪಾರ್ಸಿಗಳು, ಗುಜರಾತಿನ ವರ್ತಕರು ಅಲ್ಲಿ ಅಂಗಡಿ ಹೂಡಿದ್ದರು. 1869ರಲ್ಲಿ ಸುಯೆಜ್ ಕಾಲುವೆ ತೆರೆದಂದಿನಿಂದ ಹಡಗುಗಳ ಜಾತ್ರೆ. ಆದರೆ ಸತ್ತ ಜ್ವಾಲಾಮುಖಿಯ ಬಾಯಲ್ಲಿ ಕುಳಿತ ಆ ಊರಿನಲ್ಲಿ ವರ್ಷಕ್ಕೆ ಎರಡು ಅಂಗುಲ ಮಳೆ ಬಿದ್ದರೆ ಹೆಚ್ಚು. ಬೆಟ್ಟದ ಸಂದಿನಲ್ಲಿ ಪ್ರಾಚೀನರು ಕಡೆದ ತವಿಲಾ ಹೊಂಡಗಳಿದ್ದವು. ಹೂತುಹೋಗಿದ್ದ ಅವುಗಳನ್ನು ಪ್ಲೇಫೇರ್ ಎಂಬ ಅಧಿಕಾರಿ 1850ರ ದಶಕದಲ್ಲಿ ಬಿಡಿಸಿದರೂ ಮಳೆಯೇ ಇಲ್ಲದಾಗ ಹೊಂಡವೇನು ಮಾಡೀತು? ಒಳನಾಡಿನ ಶೇಖ್ ಒತ್ಮಾನಿನಿಂದ ಕಾಲುವೆಯಲ್ಲಿ ತಂದ ನೀರು ಸವುಳು. ಆದ್ದರಿಂದ ಸಮುದ್ರದ ನೀರನ್ನು ಕುದಿಸಿ ಭಟ್ಟಿ ಇಳಿಸಿ ಕುಡಿಯಬೇಕಾಗಿತ್ತು. ಕಲ್ಲಿದ್ದಲು ಸುಟ್ಟು ಮಾಡಿದ ನೀರು ಬಡವರ ಕೈಗೆ ಎಟುಕುವುದೆಂತು? ಬಂದ ನೀರಿನ ಗತಿ ಇದಾದರೆ, ಹೋಗುವ ನೀರಿನ ಗತಿ ಇನ್ನೂ ಹೀನ. ದಂಡಿನ ವಸತಿಯ ಕೊಳಚೆಯ ವಿಚಾರವಾಗಿ ದೂರುಗಳು ಬಂದಿದ್ದವು.

ವಿಶ್ವೇಶ್ವರಯ್ಯನವರು ಸಮುದ್ರದ ಕಡೆಗೆ ನೋಡಲಿಲ್ಲ. ಮರಳಿನ ಕಡೆಗೆ ನೋಡಿದರು. ಊರಿನ ಉತ್ತರಕ್ಕೆ, ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತದೆ. ಆ ನೀರು ಲಹೇಜ್ ಸುಲ್ತಾನನ ಸೀಮೆಯಲ್ಲಿ ಹರಿದು, ಸಮುದ್ರವನ್ನು ಮುಟ್ಟುವ ಮೊದಲೇ ಮರಳಿನಲ್ಲಿ ಇಂಗಿಹೋಗುತ್ತದೆ. ಹೊಳೆ ಕಾಣದಾಯಿತೆಂದ ಮಾತ್ರಕ್ಕೆ ನೀರು ಇಲ್ಲವೆಂದಲ್ಲ. ಆ ಮರಳಿನಲ್ಲಿ ಬಾವಿ ಇಳಿಸಿ ನೀರನ್ನು ಊರಿಗೆ ತರಬಹುದೆಂದು ಅವರು ಸೂಚಿಸಿದರು. ಅದರ ಜೊತೆಯಲ್ಲೇ ಊರಿನ ಕೊಳಚೆಯನ್ನು ಸಾಗಿಸುವ ಯೋಜನೆಯನ್ನೂ ಕೊಟ್ಟರು. ಒಂದು ಕೈಯಲ್ಲಿ ಬಾವಿ, ಇನ್ನೊಂದು ಕೈಯಲ್ಲಿ ಬಚ್ಚಲು.

ಮರಳನ್ನು ನಂಬುವ ಈ ಬುದ್ಧಿ ಅವರಿಗೆ ಹೊಸದಲ್ಲ. ಹತ್ತು ವರ್ಷಗಳ ಹಿಂದೆ ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಕೊಡುವಾಗ ಸಿಂಧೂ ನದಿಯ ಕೆಸರು ನೀರನ್ನು ಸೋಸುವ ದೊಡ್ಡ ತೊಟ್ಟಿಗಳಿಗೆ ಹಣವಿರಲಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ಇಳಿಸಿ, ಮರಳಿನ ಮೂಲಕ ಬಸಿದು ಬಂದ ತಿಳಿನೀರನ್ನು ಎತ್ತಿಸಿದ್ದರು. ಅದಕ್ಕೂ ಹಿಂದೆ ಹೋಗಬಹುದು. ಅವರು ಹುಟ್ಟಿದ್ದು ನಂದಿ ಬೆಟ್ಟದ ನೆರಳಿನಲ್ಲಿ. ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಇವುಗಳ ತವರು ಆ ಸೀಮೆ. ಹೆಸರಿಗೆ ನದಿಗಳಾದರೂ ವರ್ಷದ ಬಹುಭಾಗ ಅವುಗಳಲ್ಲಿ ಕಾಣುವುದು ಮರಳೇ. ಬೇಸಿಗೆಯಲ್ಲಿ ಅಲ್ಲಿನ ಹೆಂಗಸರು ಕೈಯಿಂದ ಮರಳನ್ನು ಬಗೆದು ಒರತೆ ಮಾಡಿ, ಊರಿದ ನೀರನ್ನು ಚಿಪ್ಪಿನಿಂದ ಕೊಡಕ್ಕೆ ತುಂಬುತ್ತಿದ್ದರು. ಬತ್ತಿದ ಹೊಳೆಯ ಹೊಟ್ಟೆಯಲ್ಲಿ ನೀರಿದೆಯೆಂದು ಆ ಸೀಮೆಯ ಮಗುವಿಗೂ ಗೊತ್ತು. ಪುಣೆಯ ಕಾಲೇಜಿನ ಗಣಿತದ ಜೊತೆಗೆ ಈ ಒರತೆಯ ತಿಳಿವಳಿಕೆಯೂ ಏಡನ್ನಿಗೆ ಹೋಗಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಏಡನ್ 1937ರಲ್ಲಿ ಭಾರತದ ಆಡಳಿತದಿಂದ ಬೇರೆಯಾಯಿತು; ಈಗ ಅದು ಯೆಮೆನ್ ದೇಶದ ಊರು. ಅಂತರ್ಯುದ್ಧದಿಂದ ನುಗ್ಗಾದ ಆ ಊರಿಗೆ ನೀರಿನ ಬವಣೆ ತಪ್ಪಿಲ್ಲ. ಆದರೂ ಅದು ಕುಡಿಯುವ ನೀರಿನ ಬಹುಪಾಲು ಬರುವುದು ಲಹೇಜ್ ಮೊದಲಾದ ಕಡೆಯ ಮರಳಿನ ಅಡಿಯಿಂದಲೇ.

ಎರಡನೆಯ ಪ್ರಶ್ನೆ

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆಂದು ನಾವು ಹೇಳುತ್ತೇವೆ. ನೀರಿನ ವಿದ್ಯೆಯನ್ನು ಮಾತ್ರ ಅರ್ಧ ಕೊಟ್ಟರೆ ಪಡೆದವನಿಗೆ ಕೇಡು. ಅಣೆಕಟ್ಟೆಯ ಮೇಲೆ ಶಿಲಾಫಲಕ ನಿಲ್ಲಿಸಬಹುದು, ಅದರ ಎದುರಿಗೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಬಸಿಗಾಲುವೆಗೆ ಫಲಕವಿಲ್ಲ, ಚರಂಡಿಯನ್ನು ಉದ್ಘಾಟಿಸಲು ಮಂತ್ರಿಗಳು ಬರುವುದಿಲ್ಲ. ಆದ್ದರಿಂದಲೇ ಕೊಡುವವನಿಗೂ ಪಡೆಯುವವನಿಗೂ ಎರಡನೆಯ ಪ್ರಶ್ನೆ ಮರೆತುಹೋಗುತ್ತದೆ.

ಮರೆಯದವರೂ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ತೊಲಗಿಸಲೆಂದು ಬಿಹಾರದ ಬಿಂದೇಶ್ವರ ಪಾಠಕ್ 1970ರಲ್ಲಿ ಸ್ಥಾಪಿಸಿದ ಸುಲಭ್ ಸಂಸ್ಥೆ ಎರಡು ಗುಂಡಿಗಳ ಶೌಚಾಲಯವನ್ನು ಹರಡಿತು. ಒಂದು ಗುಂಡಿ ತುಂಬಿದಾಗ ಇನ್ನೊಂದನ್ನು ಬಳಸುವುದು. ಮೊದಲನೆಯದು ಅಷ್ಟರಲ್ಲಿ ಗೊಬ್ಬರವಾಗುವುದು. ಇದಕ್ಕೆ ದೊಡ್ಡ ಯಂತ್ರ ಬೇಡ, ಹೆಚ್ಚು ನೀರೂ ಬೇಡ. 2007ರಲ್ಲಿ ಈ ಸಂಸ್ಥೆ ಕಾಬೂಲಿನಲ್ಲಿ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿ, ಅಲ್ಲಿನ ಮಲದಿಂದಲೇ ಅನಿಲ ತೆಗೆಯುವ ಏರ್ಪಾಡನ್ನೂ ಮಾಡಿತು. ಸಲ್ಮಾ ಅಣೆಕಟ್ಟಿನ ಪಕ್ಕದಲ್ಲಿಟ್ಟರೆ ಇದು ಬಹು ಚಿಕ್ಕ ಕೆಲಸ. ಆದರೂ ಅದೇ ದೇಶಕ್ಕೆ ನಾವು ಕೊಟ್ಟ ಈ ಎರಡು ಕಾಣಿಕೆಗಳಲ್ಲಿ ಒಂದು ಬಾವಿ, ಇನ್ನೊಂದು ಬಚ್ಚಲು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದನ್ನು ನಾವು ಕಲಿಯಬೇಕು.

ಮುಂದೆ ನಮ್ಮ ಇಂಜಿನಿಯರುಗಳು ಪರದೇಶಕ್ಕೆ ಹೊರಡುವಾಗ ನಕ್ಷೆ, ಲೆಕ್ಕ, ಯಂತ್ರ ಎಲ್ಲವನ್ನೂ ಒಯ್ಯಲಿ. ಅವುಗಳ ಜೊತೆಗೆ ಗಂಗಾವತಿಯ ಚೌಳು ಮಣ್ಣು ಒಂದು ಹಿಡಿಯಷ್ಟಿದ್ದರೂ ಭಾರವಾಗಲಾರದು. ಅಲ್ಲಿನ ರೈತ, "ಸ್ವಾಮಿ, ನೀರು ಎಲ್ಲಿಂದ ತರುತ್ತೀರಿ?" ಎಂದು ಕೇಳಿಯೇ ಕೇಳುತ್ತಾನೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವನು ಕೇಳದಿದ್ದರೂ ನಾವೇ ಮೊದಲು ಹೇಳಬೇಕು.